ಸದನದಲ್ಲಿ ಚರ್ಚೆ ಕೇಳುವ ಹಕ್ಕು: ಪಂಚಗಂಗೆಯ ಸೀಮೆಯಿಂದ ಕೆಲವು ನಿದರ್ಶನಗಳು

ಸಂಸದೀಯ ವ್ಯವಸ್ಥೆಯಲ್ಲಿ ಸದನದ ಸಮಯದ ಮೇಲೆ ಮೊದಲ ಹಕ್ಕು ಸರ್ಕಾರದ್ದು. ಮಸೂದೆಗಳು, ಮುಂಗಡಪತ್ರ, ಅನುದಾನದ ಬೇಡಿಕೆಗಳು ಸರ್ಕಾರದ ಕಡೆಯಿಂದ ಬರುತ್ತವೆ. ಯಾವುದಕ್ಕೆ ಎಷ್ಟು ಗಂಟೆ ಎಂಬುದನ್ನು ಕಾರ್ಯಕಲಾಪ ಸಲಹಾ ಸಮಿತಿ ಗೊತ್ತುಮಾಡುತ್ತದೆ. ಮಂತ್ರಿಯಲ್ಲದ ಸದಸ್ಯನಿಗೆ, ಆತ ಆಡಳಿತ ಪಕ್ಷದವನಿರಲಿ, ವಿರೋಧ ಪಕ್ಷದವನಿರಲಿ, ಒಂದು ಸಂಗತಿ ಚರ್ಚೆಗೆ ಬರಲೇಬೇಕು ಎನಿಸಿದರೆ ಅದನ್ನು ಕೇಳಿ ಪಡೆಯಬೇಕು. ಕೇಳುವ ಕ್ರಮ ನಿಯಮಾವಳಿಯಲ್ಲಿದೆ. ಯಾವ ನಿಯಮದಡಿ ಕೇಳಿದ, ಯಾವ ಸದನದಲ್ಲಿ ಕೇಳಿದ, ಯಾವ ದಿನ ಕೇಳಿದ ಎಂಬ ಮೂರು ಸಂಗತಿಗಳ ಮೇಲೆ ಆತನಿಗೆ ಸಿಗುವ ಉತ್ತರ ನಿಂತಿರುತ್ತದೆ.

ಇದನ್ನು ತಿಳಿಯಲು ಪಂಚಗಂಗಾ ನದಿ ಹರಿಯುವ ಕೊಲ್ಹಾಪುರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಗೋಕುಳ ಶಿರಗಾಂವ ಕರವೀರ ತಾಲ್ಲೂಕಿನ ಊರು. ಅಲ್ಲಿ ಎರಕದ ಕಾರ್ಖಾನೆಗಳ ಕೈಗಾರಿಕಾ ವಸಾಹತು ಇದೆ, ಜಿಲ್ಲಾ ಹಾಲು ಉತ್ಪಾದಕರ ಸಹಕಾರಿ ಸಂಘದ 'ಗೋಕುಳ' ಡೇರಿ ಇದೆ. ದಕ್ಷಿಣಕ್ಕೆ ಹೊರಟರೆ ಕಾಗಲ, ಅದನ್ನು ದಾಟಿದರೆ ಕೊಗನೊಳಿ, ನಿಪ್ಪಾಣಿ, ರಾಜ್ಯವೇ ಬೇರೆ. ಶಿರೋಳ, ಹಾತಕಣಂಗಲೆ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಇಂದಿಗೂ ಇವೆ. ಈ ಸೀಮೆಯ ನದಿ, ಕಬ್ಬು, ಮಗ್ಗ, ಹಾಲು, ರಸ್ತೆ ಇವುಗಳ ಮಾತು ಮೂರು ಕಡೆ ನಡೆಯುತ್ತದೆ: ಮುಂಬೈ ಮತ್ತು ನಾಗಪುರದಲ್ಲಿ ಸೇರುವ ಮಹಾರಾಷ್ಟ್ರ ವಿಧಾನಮಂಡಲ, ಬೆಂಗಳೂರು ಮತ್ತು ಬೆಳಗಾವಿಯಲ್ಲಿ ಸೇರುವ ಕರ್ನಾಟಕ ವಿಧಾನಮಂಡಲ, ದಿಲ್ಲಿಯ ಸಂಸತ್ತು. ಗಡಿಯ ಎರಡೂ ಬದಿಯ ಪ್ರತಿನಿಧಿಗಳು ಒಂದೇ ಸೂರಿನಡಿ ಕೂರುವುದು ದಿಲ್ಲಿಯಲ್ಲಿ ಮಾತ್ರ. ಎರಡು ರಾಜ್ಯಗಳಿಗೆ ಸೇರಿದ ಸಂಗತಿಯನ್ನು ಒಂದು ರಾಜ್ಯದ ಸದನದಲ್ಲಿ ಎಷ್ಟು ಜೋರಾಗಿ ಆಡಿದರೂ ಆಚೆ ಬದಿಯ ಉತ್ತರ ಅಲ್ಲಿ ಸಿಗುವುದಿಲ್ಲ.

ಚರ್ಚೆ ಕೇಳುವ ಹಕ್ಕು ಸುಲಭವಾಗಿ ಬಂದದ್ದಲ್ಲ. 1861ರ ಕಾಯ್ದೆಯ ಪ್ರಕಾರ ಶಾಸನ ಸಭೆಯ ಸದಸ್ಯರು ಮುಂದಿಟ್ಟ ಮಸೂದೆಯ ಬಗ್ಗೆ ಮಾತ್ರ ಮಾತಾಡಬಹುದಿತ್ತು, ಪ್ರಶ್ನೆ ಕೇಳುವಂತಿರಲಿಲ್ಲ. 1892ರ ಕಾಯ್ದೆ ಪ್ರಶ್ನೆ ಕೇಳಲು, ಮುಂಗಡಪತ್ರದ ಮೇಲೆ ಮಾತಾಡಲು ಬಿಟ್ಟಿತು. ಮತ ಹಾಕಲು ಬಿಡಲಿಲ್ಲ. ಸಾರ್ವಜನಿಕ ಹಿತದ ವಿಷಯದಲ್ಲಿ ಸದಸ್ಯನೇ ನಿರ್ಣಯ ಮಂಡಿಸುವ ಅವಕಾಶ ಬಂದದ್ದು 1909ರ ಸುಧಾರಣೆಯಿಂದ. ಆ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಂಡವರಲ್ಲಿ ಮೊದಲು ನೆನೆಯಬೇಕಾದವರು ಗೋಪಾಲ ಕೃಷ್ಣ ಗೋಖಲೆ. ಅವರು ರತ್ನಾಗಿರಿ ಜಿಲ್ಲೆಯಲ್ಲಿ ಹುಟ್ಟಿದರೂ ಓದಿದ್ದು ಇದೇ ಕಾಗಲದಲ್ಲಿ, ಆಮೇಲೆ ಕೊಲ್ಹಾಪುರದಲ್ಲಿ.

1910ರ ಮಾರ್ಚಿನಲ್ಲಿ ಗೋಖಲೆಯವರು ಸಾಮ್ರಾಜ್ಯ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡುವ ದಾರಿಯಲ್ಲಿ ಹೆಜ್ಜೆ ಇಡಬೇಕೆಂದು ನಿರ್ಣಯ ತಂದರು. ವಿಷಯವನ್ನು ಪರಿಶೀಲಿಸುವುದಾಗಿ ಸರ್ಕಾರ ಹೇಳಿದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ವರ್ಷ ಕಳೆದರೂ ತೃಪ್ತಿಯಾಗುವಂಥದ್ದೇನೂ ಆಗಲಿಲ್ಲ. 1911ರ ಮಾರ್ಚ್ 16ರಂದು ಅವರೇ ಮಸೂದೆ ಮಂಡಿಸಿದರು. ಅದು ಅಭಿಪ್ರಾಯಕ್ಕಾಗಿ ಪ್ರಾಂತಗಳಿಗೆ ಹೋಗಿ ಮರಳಿ ಬಂತು. 1912ರ ಮಾರ್ಚಿನಲ್ಲಿ ಚರ್ಚೆ ನಡೆದು, ಪರವಾಗಿ 13, ವಿರುದ್ಧವಾಗಿ 38 ಮತ ಬಿದ್ದು ಮಸೂದೆ ಸೋತಿತು. ಸೋಲು ಖಚಿತವೆಂದು ಗೋಖಲೆಯವರಿಗೆ ಮೊದಲೇ ಗೊತ್ತಿತ್ತು. ದಿನ ಮುಗಿಯುವುದರೊಳಗೆ ತನ್ನ ಮಸೂದೆ ಬಿದ್ದುಹೋಗುತ್ತದೆ ಎಂದು ಸಭೆಯಲ್ಲೇ ಹೇಳಿದ್ದರು. ಆದರೆ ಆ ಚರ್ಚೆಯಿಂದ ಸರ್ಕಾರದ ಒಂದೊಂದು ಆಕ್ಷೇಪವೂ ಕಡತಕ್ಕೆ ಬಂತು: ಹಣ ಎಲ್ಲಿಂದ, ಮಾಸ್ತರರು ಎಲ್ಲಿಂದ, ಜನ ಒಪ್ಪುತ್ತಾರೆಯೇ. ಕಡತಕ್ಕೆ ಬಂದ ಆಕ್ಷೇಪಕ್ಕೆ ಉತ್ತರ ಕೊಡಬಹುದು, ಮನಸ್ಸಿನಲ್ಲಿ ಉಳಿದದ್ದಕ್ಕೆ ಕೊಡಲಾಗದು. ಐದು ವರ್ಷಗಳ ನಂತರ, 1917ರಲ್ಲಿ, ಶಾಹೂ ಛತ್ರಪತಿಗಳು ಕೊಲ್ಹಾಪುರ ಸಂಸ್ಥಾನದಲ್ಲಿ ಕಡ್ಡಾಯ ಮತ್ತು ಉಚಿತ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಡಿಸಿದರು. 1918ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರು ಖಾಸಗಿ ಸದಸ್ಯರಾಗಿಯೇ ತಂದ ಪ್ರಾಥಮಿಕ ಶಿಕ್ಷಣದ ಮಸೂದೆ ಕಾಯ್ದೆಯಾಯಿತು. ದೇಶಕ್ಕೆಲ್ಲ ಅದು ಮೂಲಭೂತ ಹಕ್ಕಾಗಲು 2002ರ ಸಂವಿಧಾನ ತಿದ್ದುಪಡಿಯವರೆಗೆ, ಕಾಯ್ದೆಯ ರೂಪ ತಾಳಲು 2009ರವರೆಗೆ ಕಾಯಬೇಕಾಯಿತು.

ಗೆದ್ದ ನಿರ್ಣಯದ ಕಥೆ ಬೇರೆ ರೀತಿಯದು. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಸೀತಾರಾಮ ಕೇಶವ ಬೋಲೆಯವರು ಮಂಡಿಸಿದ ನಿರ್ಣಯ, ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂದಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತದಲ್ಲಿದ್ದ ಕಾರಣ ಅದು ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿತು. ಕೊಲ್ಹಾಪುರ ಸಂಸ್ಥಾನದಲ್ಲಿ ಇಂಥದೇ ಆಜ್ಞೆ 1919ರಲ್ಲೇ ಹೊರಟಿತ್ತು. ನಿರ್ಣಯವೇನೋ ಅಂಗೀಕಾರವಾಯಿತು, ಊರೂರುಗಳಲ್ಲಿ ಬಾವಿಯ ಕಟ್ಟೆ ಮಾತ್ರ ಮೊದಲಿನಂತೆಯೇ ಇತ್ತು. 1926ರಲ್ಲಿ ಬೋಲೆಯವರು ಮತ್ತೆ ನಿರ್ಣಯ ತಂದು, ಇದನ್ನು ಪಾಲಿಸದ ಪುರಸಭೆ ಮತ್ತು ಸ್ಥಳೀಯ ಮಂಡಳಿಗಳ ಅನುದಾನ ನಿಲ್ಲಿಸಬೇಕೆಂದು ಕೇಳಿದರು. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಜನರನ್ನು ಕರೆದೊಯ್ದಾಗ ಅವರ ಕೈಯಲ್ಲಿದ್ದ ಆಧಾರಗಳಲ್ಲಿ ಬೋಲೆಯವರ ನಿರ್ಣಯವೂ, ಅದರ ಮೇಲೆ ಮಹಾಡ ಪುರಸಭೆ ಮಾಡಿದ ಠರಾವೂ ಇದ್ದವು. ಸದನದಲ್ಲಿ ಅಂಗೀಕಾರವಾದ ಮಾತನ್ನು ಬೀದಿಯಲ್ಲಿ ನಿಂತು ಜಾರಿ ಮಾಡಿಸಬೇಕಾದ ಸ್ಥಿತಿ ಅದು. ಸದನದ ಮಾತು ಇಲ್ಲದಿದ್ದರೆ ಬೀದಿಯಲ್ಲಿ ನಿಂತವರಿಗೆ ಆ ಆಸರೆಯೂ ಇರುತ್ತಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಹಕ್ಕು ಕವಲೊಡೆದು ಹಲವು ನಿಯಮಗಳಾಗಿದೆ. ಲೋಕಸಭೆಯಲ್ಲಿ ದಿನದ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ದಿನಕ್ಕೆ 20 ಚುಕ್ಕೆ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಬಾಯಿಮಾತಿನ ಉತ್ತರ ಸಿಗುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಉತ್ತರದಲ್ಲಿ ಇನ್ನಷ್ಟು ಬಿಡಿಸಬೇಕಾದ್ದಿದ್ದರೆ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಪ್ರಶ್ನೋತ್ತರದ ಬೆನ್ನಿಗೇ ಬರುವ ಶೂನ್ಯ ವೇಳೆ ನಿಯಮಾವಳಿಯಲ್ಲಿಲ್ಲ. ಅದು ರೂಢಿಯಿಂದ ಬಂದದ್ದು. ನಿಯಮ 377ರಡಿ 250 ಪದ ಮೀರದ ಬರಹವನ್ನು ಮೊದಲೇ ಕೊಟ್ಟು, ಒಪ್ಪಿಗೆಯಾದಷ್ಟನ್ನು ಓದಬಹುದು. ಅಲ್ಲಿಯೇ ಉತ್ತರ ಸಿಗುವುದಿಲ್ಲ, ಮಂತ್ರಾಲಯದಿಂದ ಪತ್ರ ಬರುತ್ತದೆ. ನಿಯಮ 197ರ ಗಮನ ಸೆಳೆಯುವ ಸೂಚನೆಗೆ ಮಂತ್ರಿ ಹೇಳಿಕೆ ಕೊಡಲೇಬೇಕು, ಪಟ್ಟಿಯಲ್ಲಿ ಹೆಸರಿದ್ದವರು ಒಂದೊಂದು ಪ್ರಶ್ನೆ ಕೇಳಬಹುದು. ಮಹಾರಾಷ್ಟ್ರದ ವಿಧಾನಸಭೆಯಲ್ಲಿ ಇದೇ 'ಲಕ್ಷವೇಧಿ'.

ನಿಜವಾದ ಅರ್ಥದ ಚರ್ಚೆ ನಡೆಯುವುದು ಇನ್ನು ಮೂರು ನಿಯಮಗಳಡಿ. 193ರ ಅಲ್ಪಾವಧಿ ಚರ್ಚೆಗೆ ಸೂಚನೆ ಕೊಟ್ಟವರ ಜೊತೆ ಇನ್ನಿಬ್ಬರು ಸದಸ್ಯರ ಸಹಿ ಬೇಕು, ಕೊನೆಗೆ ಮತದಾನವಿಲ್ಲ. 184ರಡಿ ತಂದ ಸೂಚನೆಯ ಮೇಲೆ ಮತದಾನ ಆಗುತ್ತದೆ. 56ರ ನಿಲುವಳಿ ಸೂಚನೆ ಎಲ್ಲಕ್ಕಿಂತ ಖಡಕ್ಕಾದದ್ದು: ಸ್ಪೀಕರ್ ಒಪ್ಪಬೇಕು, ಆಕ್ಷೇಪ ಬಂದರೆ 50 ಸದಸ್ಯರು ಎದ್ದು ನಿಲ್ಲಬೇಕು, ವಿಷಯ ಇತ್ತೀಚಿನದೂ ತುರ್ತಿನದೂ ಆಗಿ ಕೇಂದ್ರ ಸರ್ಕಾರದ ಹೊಣೆಗೆ ಸೇರಿದ್ದಾಗಿರಬೇಕು. ಅಂಗೀಕಾರವಾದರೆ ಅದು ಸರ್ಕಾರದ ಮೇಲಿನ ಖಂಡನೆಯೇ. ಕರ್ನಾಟಕ ವಿಧಾನಸಭೆಯ ವರದಿಗಳನ್ನು ಓದುವವರಿಗೆ ಇದೇ ಜಗಳ ನಿಲುವಳಿ ಸೂಚನೆ ಮತ್ತು ನಿಯಮ 69ರ ಹೆಸರಿನಲ್ಲಿ ಪರಿಚಿತ. ನಿಲುವಳಿ ಕೇಳಿದ ವಿರೋಧ ಪಕ್ಷಕ್ಕೆ '69ರಡಿ ಪರಿವರ್ತಿಸಿ ಕೊಡುತ್ತೇನೆ' ಎನ್ನುವುದು ಸಭಾಧ್ಯಕ್ಷರ ಪೀಠದಿಂದ ಆಗಾಗ ಬರುವ ಮಾತು.

ನಿಯಮದ ಸಂಖ್ಯೆಗಾಗಿ ಇಷ್ಟು ಹಗ್ಗಜಗ್ಗಾಟವೇಕೆ ಎಂದು ಹೊರಗಿನವರಿಗೆ ಬೇಸರ ಬರುತ್ತದೆ. ಆ ಸಂಖ್ಯೆಯಲ್ಲೇ ಫಲ ಅಡಗಿದೆ ಎಂಬುದನ್ನು ಎರಡು ಪ್ರಸಂಗಗಳು ತೋರಿಸುತ್ತವೆ. ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ನೇರ ಹೂಡಿಕೆಯ ವಿಷಯ 2012ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ 184ರಡಿ ಚರ್ಚೆಯಾಯಿತು. ಸರ್ಕಾರ ಮತದಲ್ಲಿ ಗೆದ್ದಿತು, ಯಾವ ಪಕ್ಷ ಯಾವ ಕಡೆ ನಿಂತಿತು, ಯಾವುದು ಹೊರನಡೆಯಿತು ಎಂಬುದು ದೇಶಕ್ಕೆ ಗೊತ್ತಾಯಿತು. 2016ರ ನವೆಂಬರಿನಲ್ಲಿ ನೋಟು ರದ್ದತಿಯ ಬಗ್ಗೆ ರಾಜ್ಯಸಭೆಯಲ್ಲಿ ನಿಯಮ 267ರಡಿ ಬೇರೆ ಕಲಾಪ ಬದಿಗಿಟ್ಟು ಚರ್ಚೆ ಆರಂಭವಾಯಿತು. ಲೋಕಸಭೆಯಲ್ಲಿ ಮಾತ್ರ ವಿರೋಧ ಪಕ್ಷ ಮತದಾನವಿರುವ ನಿಯಮ ಬೇಕೆಂದಿತು, ಸರ್ಕಾರ 193ಕ್ಕೆ ಸಿದ್ಧವೆಂದಿತು. ಎರಡೂ ಬದಿ ಪಟ್ಟು ಸಡಿಲಿಸಲಿಲ್ಲ, ಅಧಿವೇಶನ ಗದ್ದಲದಲ್ಲೇ ಮುಗಿಯಿತು. ಹಳೆಯ ನೋಟು ಹಿಡಿದು ಬ್ಯಾಂಕಿನ ಮುಂದೆ ಸಾಲು ನಿಂತ ಇಚಲಕರಂಜಿಯ ಮಗ್ಗದ ಕೆಲಸಗಾರನ ಮಾತು ಆ ಲೋಕಸಭೆಯಲ್ಲಿ ಚರ್ಚೆಯಾಗಿ ದಾಖಲಾಗಲೇ ಇಲ್ಲ. ಮತವಿಲ್ಲದ ಚರ್ಚೆಯೂ ಚರ್ಚೆಯೇ. ಮಂತ್ರಿ ಉತ್ತರ ಕೊಡಬೇಕಾದ ಸಂದರ್ಭವನ್ನು ಕೈಬಿಡುವುದು ಕೇಳುವವರಿಗೇ ನಷ್ಟ.

ಪಂಚಗಂಗೆಯ ಸೀಮೆಗೆ ಬಂದರೆ, ಚರ್ಚೆಯ ಕಾಲ ಎಷ್ಟು ಮುಖ್ಯ ಎಂಬುದಕ್ಕೆ 2019ರ ಪ್ರವಾಹವೇ ಸಾಕ್ಷಿ. ಆ ವರ್ಷ ಜುಲೈ 31ರಂದು ಲೋಕಸಭೆ ಅಂತರರಾಜ್ಯ ನದಿ ನೀರು ವಿವಾದಗಳ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಬೇರೆ ಬೇರೆ ನ್ಯಾಯಾಧಿಕರಣಗಳ ಬದಲು ಒಂದೇ ಖಾಯಂ ನ್ಯಾಯಾಧಿಕರಣ ಇರಬೇಕೆಂಬುದು ಅದರ ತಿರುಳು. ಆಗಸ್ಟ್ 2ರಂದು ಅಣೆಕಟ್ಟು ಸುರಕ್ಷತಾ ಮಸೂದೆ ಅಂಗೀಕಾರವಾಯಿತು. ಅದೇ ದಿನಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ಆಗಸ್ಟ್ 6ರಂದು ಲೋಕಸಭೆ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತು, ಮರುದಿನ ರಾಜ್ಯಸಭೆ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಜಿಲ್ಲೆಗಳು ನೀರಿನಲ್ಲಿ ಮುಳುಗಿದ್ದು ಆಗಲೇ. ಶಿರೋಲಿಯ ಬಳಿ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಡೇರಿಯ ಟ್ಯಾಂಕರುಗಳು ಮುಂಬೈ, ಪುಣೆಯ ಕಡೆ ಹೊರಡಲಾಗದೆ ನಿಂತವು, ಹಳ್ಳಿಗಳಿಂದ ಹಾಲು ಬರುವುದೂ ನಿಂತಿತು. ಮಹಾರಾಷ್ಟ್ರ ವಿಧಾನಮಂಡಲದ ಮಳೆಗಾಲದ ಅಧಿವೇಶನ ಜುಲೈ ಮೊದಲ ವಾರದಲ್ಲೇ ಮುಗಿದಿತ್ತು, ಮುಂದೆ ಚುನಾವಣೆ. ಕರ್ನಾಟಕ ವಿಧಾನಸಭೆ ಜುಲೈ 29ರಂದು ಹೊಸ ಸರ್ಕಾರದ ವಿಶ್ವಾಸಮತ ಮುಗಿಸಿ ಎದ್ದಿತ್ತು, ಮತ್ತೆ ಸೇರಿದ್ದು ಅಕ್ಟೋಬರ್ 10ಕ್ಕೆ, ಮೂರೇ ದಿನಕ್ಕೆ. ಹೀಗೆ ಕೃಷ್ಣೆಯ ನೀರು ಏರಿದ ವಾರದಲ್ಲಿ ಅದರ ಬಗ್ಗೆ ಮಾತಾಡಬೇಕಾದ ಮೂರೂ ಕಡೆಯ ಸದನಗಳಿಗೆ ಬೀಗ ಬಿದ್ದಿತ್ತು. ಸಂಸತ್ತು ಮತ್ತೆ ಕೂತದ್ದು ನವೆಂಬರ್ 18ಕ್ಕೆ. ಆ ಅಧಿವೇಶನದಲ್ಲಿ ಬೆಳೆಹಾನಿ ಮತ್ತು ರೈತರ ಮೇಲೆ ಅದರ ಪರಿಣಾಮ ಎಂಬ ವಿಷಯ 193ರಡಿ ಚರ್ಚೆಗೆ ಬಂತು. ಅಷ್ಟರಲ್ಲಿ ಶಿರೋಳದ ಹೊಲಗಳಲ್ಲಿ ಕೊಳೆತ ಕಬ್ಬನ್ನು ಕಡಿದು ತೆಗೆದಾಗಿತ್ತು.

ಮೊದಲ ಲೋಕಸಭೆ ತನ್ನ ಐದು ವರ್ಷಗಳಲ್ಲಿ 677 ದಿನ ಕೂತಿತ್ತು. ಹದಿನೇಳನೆಯ ಲೋಕಸಭೆ 274 ದಿನ. ಸದನ ಕೂರದ ದಿನ ಯಾವ ನಿಯಮವೂ ಇಲ್ಲ, ಯಾವ ಸೂಚನೆಯೂ ಇಲ್ಲ. ಸದಸ್ಯನೊಬ್ಬ ಮಂತ್ರಿಗೆ ಪತ್ರ ಬರೆಯಬಹುದು. ಪತ್ರಕ್ಕೆ ಬಂದ ಉತ್ತರ ಸದನದ ಆಸ್ತಿಯಾಗುವುದಿಲ್ಲ. ಚರ್ಚೆಯ ಹಕ್ಕಿನ ಬಗ್ಗೆ ಮಾತಾಡುವವರು ಕೂರುವ ದಿನಗಳ ಬಗ್ಗೆ ಮೊದಲು ಮಾತಾಡಬೇಕು.

ಪ್ರವಾಹದ ವಿಷಯದಲ್ಲಿ ಎರಡನೆಯ ತೊಡಕು ಸದನದ ಆಯ್ಕೆಯದು. ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ವೇದಗಂಗೆ, ದೂಧಗಂಗೆಗಳು ಕೊಲ್ಹಾಪುರ ಜಿಲ್ಲೆಯಲ್ಲಿ ಹರಿದು ಬೆಳಗಾವಿ ಜಿಲ್ಲೆಗೆ ಇಳಿಯುತ್ತವೆ. ಹಿರಣ್ಯಕೇಶಿ ಆಜರೆ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆ ಹೋಗುತ್ತದೆ. ಕೊಲ್ಹಾಪುರ, ಸಾಂಗಲಿಯವರು ಕರ್ನಾಟಕದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ತಮ್ಮಲ್ಲಿ ನೀರು ಇಳಿಯುವುದು ತಡವಾಗುತ್ತದೆ ಎನ್ನುತ್ತಾರೆ. ಚಿಕ್ಕೋಡಿ, ಅಥಣಿ, ಜಮಖಂಡಿಯವರು ಮೇಲಿನ ಅಣೆಕಟ್ಟುಗಳಿಂದ ಒಮ್ಮೆಲೇ ಬಿಡುವ ನೀರಿನಿಂದ ತಮ್ಮೂರು ಮುಳುಗುತ್ತದೆ ಎನ್ನುತ್ತಾರೆ. 2019ರ ಪ್ರವಾಹದ ಕಾರಣ ಹುಡುಕಲು ಮಹಾರಾಷ್ಟ್ರ ಸರ್ಕಾರ ನಂದಕುಮಾರ ವಡನೆರೆಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ವಿಪರೀತ ಮಳೆ, ನದಿಪಾತ್ರದಲ್ಲಿ ಎದ್ದ ಕಟ್ಟಡಗಳು, ಹರಿವಿಗೆ ಅಡ್ಡಿಯಾದ ಸೇತುವೆ ಮತ್ತು ಬಾಂದಾರಗಳು ಇಂಥ ಸಂಗತಿಗಳೆಲ್ಲ ಈ ವಾದದಲ್ಲಿ ಸೇರಿವೆ. ಮುಂಬೈಯಲ್ಲಿ ಲಕ್ಷವೇಧಿ ಮಂಡಿಸಿದರೆ ಉತ್ತರಿಸುವವರು ಮಹಾರಾಷ್ಟ್ರದ ಜಲಸಂಪನ್ಮೂಲ ಮಂತ್ರಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೇಳಿದರೆ ಕರ್ನಾಟಕದ ಮಂತ್ರಿ. ಇಬ್ಬರೂ ತಮ್ಮ ಅಂಕಿಗಳನ್ನು ತಮ್ಮವರ ಮುಂದೆ ಹೇಳುತ್ತಾರೆ. ಕೊಲ್ಹಾಪುರ, ಹಾತಕಣಂಗಲೆ, ಸಾಂಗಲಿ, ಚಿಕ್ಕೋಡಿ, ಬಾಗಲಕೋಟೆಯ ಸಂಸದರು ಒಟ್ಟಿಗೆ ಕೂತಿರುವ ಲೋಕಸಭೆಯಲ್ಲಿ ಈ ಚರ್ಚೆ ನಡೆದರೆ ಒಬ್ಬರ ಅಂಕಿಯನ್ನು ಇನ್ನೊಬ್ಬರು ಅಲ್ಲೇ ಪ್ರಶ್ನಿಸಬಹುದು, ಕೇಂದ್ರ ಜಲ ಆಯೋಗದ ಹೊಣೆ ಹೊತ್ತ ಮಂತ್ರಿ ಇಬ್ಬರಿಗೂ ಉತ್ತರಿಸಬೇಕಾಗುತ್ತದೆ.

ದಿಲ್ಲಿಯಲ್ಲಿ ಇದಕ್ಕೆ ಎದುರಾಗುವ ಆಕ್ಷೇಪಗಳು ಎರಡು. ನೀರು ರಾಜ್ಯಪಟ್ಟಿಯ ವಿಷಯ ಎಂಬುದು ಒಂದು. ಆದರೆ ರಾಜ್ಯಪಟ್ಟಿಯ 17ನೆಯ ನಮೂದೇ ಕೇಂದ್ರಪಟ್ಟಿಯ 56ನೆಯ ನಮೂದಿಗೆ ಒಳಪಟ್ಟಿದೆ, ಆ 56 ಅಂತರರಾಜ್ಯ ನದಿಗಳ ನಿಯಂತ್ರಣಕ್ಕೇ ಸಂಬಂಧಿಸಿದ್ದು. ವಿಷಯ ನ್ಯಾಯಾಲಯದಲ್ಲಿದೆ ಎಂಬುದು ಎರಡನೆಯದು. ಕೃಷ್ಣಾ ಎರಡನೆಯ ನ್ಯಾಯಾಧಿಕರಣ, ಅಂದರೆ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ, 2010ರ ಡಿಸೆಂಬರ್ 30ರಂದು ತೀರ್ಪು ಕೊಟ್ಟು ಆಲಮಟ್ಟಿಯಲ್ಲಿ 519.6 ಮೀಟರಿನಿಂದ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2013ರಲ್ಲಿ ಹೆಚ್ಚಿನ ವರದಿ ಕೊಟ್ಟಿತು. 2011ರ ಸುಪ್ರೀಂ ಕೋರ್ಟಿನ ಆದೇಶದ ಕಾರಣ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾಗಲಿಲ್ಲ. ನ್ಯಾಯಾಲಯದ ತೀರ್ಮಾನಕ್ಕೆ ಬಾಕಿಯಿರುವ ಸಂಗತಿಯನ್ನು ಸದಸ್ಯರು ಎತ್ತಬಾರದೆಂದು ನಿಯಮ 352 ಹೇಳುವುದು ನಿಜ. ಅಣೆಕಟ್ಟಿನ ಎತ್ತರ ಎಷ್ಟಿರಬೇಕು, ಯಾವ ರಾಜ್ಯಕ್ಕೆ ಎಷ್ಟು ಟಿಎಂಸಿ ಎಂಬುದು ಹಾಗಾಗಿ ಹೊರಗುಳಿಯಬಹುದು. ಮಳೆಗಾಲದಲ್ಲಿ ಗಂಟೆಗಂಟೆಗೆ ನೀರಿನ ಮಟ್ಟದ ಮಾಹಿತಿ ಎರಡೂ ರಾಜ್ಯಗಳ ನಡುವೆ ಹೇಗೆ ಹಂಚಿಕೆಯಾಗಬೇಕು, ಮುನ್ಸೂಚನಾ ಕೇಂದ್ರಗಳು ಎಷ್ಟು ಬೇಕು, ನದಿಪಾತ್ರದ ಒತ್ತುವರಿ ತೆಗೆಯಲು ಕೇಂದ್ರ ಏನು ಮಾಡಬಹುದು ಎಂಬವು ಯಾವ ನ್ಯಾಯಾಲಯದ ಮುಂದೆಯೂ ತೀರ್ಪಿಗೆ ಕಾದಿರುವ ಪ್ರಶ್ನೆಗಳಲ್ಲ. ಸೂಚನೆ ಬರೆಯುವ ಕೈಚಳಕ ಇರುವುದು ಇಲ್ಲಿ. 'ಆಲಮಟ್ಟಿಯ ಎತ್ತರ ಹೆಚ್ಚಿಸಬಾರದು' ಎಂದು ಬರೆದ ಸೂಚನೆ ತಿರಸ್ಕಾರವಾಗಿ ಮರಳುತ್ತದೆ. 'ಕೃಷ್ಣಾ ಕಣಿವೆಯಲ್ಲಿ ಪ್ರವಾಹದ ಮುನ್ಸೂಚನೆ ಮತ್ತು ಜಲಾಶಯಗಳ ಹೊಂದಾಣಿಕೆಯ ನಿರ್ವಹಣೆ' ಎಂದು ಬರೆದದ್ದು ಒಳಗೆ ಬರುತ್ತದೆ, ಆಲಮಟ್ಟಿಯ ಆತಂಕಕ್ಕೂ ಚಿಕ್ಕೋಡಿಯ ಆತಂಕಕ್ಕೂ ಅದರಲ್ಲಿ ಜಾಗವಿದೆ.

ಇಚಲಕರಂಜಿಯ ನೀರಿಗೂ ಇದೇ ಮಾತು. 2012ರ ಬೇಸಿಗೆಯಲ್ಲಿ ಆ ಊರಿನಲ್ಲಿ ಕಾಮಾಲೆ ಹರಡಿ ಜನ ಸತ್ತರು. ಪಂಚಗಂಗೆಯ ಮಾಲಿನ್ಯ ಆಗ ಎಲ್ಲರ ಬಾಯಲ್ಲೂ ಬಂತು. ಬಳಿಕ ದೂಧಗಂಗೆಯಿಂದ ಸುಳಕೂಡದ ಬಳಿ ನೀರೆತ್ತಿ ತರುವ ಯೋಜನೆ ಮುಂದೆ ಬಂದಾಗ ಕಾಗಲ ತಾಲ್ಲೂಕಿನ ರೈತರು ವಿರೋಧಿಸಿದರು. 'ಮಾಲಿನ್ಯ ಗಂಭೀರವಾಗಿದೆ, ಸರ್ಕಾರ ಗಮನ ಕೊಡಬೇಕು' ಎಂದು ಶೂನ್ಯ ವೇಳೆಯಲ್ಲಿ ಹೇಳಿದರೆ ಊರಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕೊಲ್ಹಾಪುರ ಮತ್ತು ಇಚಲಕರಂಜಿಯಿಂದ ದಿನಕ್ಕೆ ಎಷ್ಟು ಕೊಳಚೆ ನೀರು ನದಿಗೆ ಬೀಳುತ್ತದೆ, ಅದರಲ್ಲಿ ಶುದ್ಧವಾಗುವುದೆಷ್ಟು, ಬಾಕಿ ಘಟಕ ಯಾವ ತಿಂಗಳು ಮುಗಿಯುತ್ತದೆ ಎಂದು ಚುಕ್ಕೆ ಪ್ರಶ್ನೆಯಲ್ಲಿ ಕೇಳಿದರೆ ಅಂಕಿ ಬರುತ್ತದೆ, ದಿನಾಂಕ ಬರುತ್ತದೆ. 'ಮಾಡಲಾಗುವುದು', 'ಪರಿಶೀಲಿಸಲಾಗುವುದು' ಎಂದು ಮಂತ್ರಿ ಸದನದಲ್ಲಿ ಹೇಳಿದ್ದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರುತ್ತದೆ. ಲೋಕಸಭೆಯಲ್ಲಿ 1953ರಿಂದ ಇರುವ ಈ ಸಮಿತಿಯ ಮುಂದೆ ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು, ಇಲ್ಲವೆ ಕಾಲಾವಕಾಶ ಕೇಳಬೇಕು. ಇಷ್ಟು ಉಪಯುಕ್ತವಾದ ಈ ಸಮಿತಿಯ ವರದಿಗಳನ್ನು ಊರಿನ ಸಂಘಸಂಸ್ಥೆಗಳು ಓದುವುದು ತೀರ ಕಡಿಮೆ. ಓದಿದರೆ ಮುಂದಿನ ಅರ್ಜಿಗೆ ಬೇಕಾದ ಅರ್ಧ ಸರಕು ಅಲ್ಲೇ ಸಿಗುತ್ತದೆ.

ಖಾಸಗಿ ಸದಸ್ಯರ ಮಸೂದೆ ಚರ್ಚೆ ಕೇಳುವ ಇನ್ನೊಂದು ದಾರಿ. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಇದಕ್ಕೂ ಖಾಸಗಿ ನಿರ್ಣಯಗಳಿಗೂ ಮೀಸಲು. ಸ್ವಾತಂತ್ರ್ಯದ ನಂತರ ಹೀಗೆ ಬಂದು ಕಾಯ್ದೆಯಾದ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಹಾತಕಣಂಗಲೆಯ ಸಂಸದರಾಗಿದ್ದ ರಾಜು ಶೆಟ್ಟಿಯವರು 2018ರ ಆಗಸ್ಟ್ 3ರ ಶುಕ್ರವಾರ ಲೋಕಸಭೆಯಲ್ಲಿ ಎರಡು ಮಸೂದೆ ಮಂಡಿಸಿದರು: ರೈತರನ್ನು ಸಾಲದಿಂದ ಬಿಡಿಸುವ ಹಕ್ಕಿನದು ಒಂದು, ಬೆಳೆಗೆ ಸಮಗ್ರ ಉತ್ಪಾದನಾ ವೆಚ್ಚದ ಮೇಲೆ ಶೇಕಡಾ 50 ಸೇರಿಸಿದ ಖಾತರಿ ಬೆಲೆಯ ಹಕ್ಕಿನದು ಇನ್ನೊಂದು. ಇವುಗಳ ಕರಡು ತಯಾರಾದದ್ದು ಬೀದಿಯಲ್ಲಿ ಎನ್ನಬಹುದು. 2017ರ ಜೂನಿನಲ್ಲಿ ಮಂದಸೌರಿನ ಗೋಲಿಬಾರಿನ ನಂತರ ಒಟ್ಟುಗೂಡಿದ ರೈತ ಸಂಘಟನೆಗಳು ಆ ನವೆಂಬರಿನಲ್ಲಿ ದಿಲ್ಲಿಯಲ್ಲಿ 'ಕಿಸಾನ್ ಮುಕ್ತಿ ಸಂಸದ್' ನಡೆಸಿ ಕರಡನ್ನು ಚರ್ಚಿಸಿದವು. 2018ರ ನವೆಂಬರ್ 29 ಮತ್ತು 30ರಂದು ಮತ್ತೆ ದಿಲ್ಲಿಗೆ ನಡೆದ ರೈತರ ಬೇಡಿಕೆಯೂ ಚರ್ಚೆಯದ್ದೇ: ಕೃಷಿ ಬಿಕ್ಕಟ್ಟಿಗಾಗಿ ಸಂಸತ್ತಿನ 21 ದಿನಗಳ ವಿಶೇಷ ಅಧಿವೇಶನ, ಸ್ವಾಮಿನಾಥನ್ ಆಯೋಗದ ವರದಿ, ಸಾಲ, ನೀರು, ರೈತ ಮಹಿಳೆಯರ ಹಕ್ಕು ಇವಕ್ಕೆ ಬೇರೆ ಬೇರೆ ದಿನಗಳು. ಸದಸ್ಯನಲ್ಲದ ಪ್ರಜೆಯೂ ಸದನದ ಸಮಯವನ್ನು ಕೇಳಬಹುದೆಂದು ಆ ಮೆರವಣಿಗೆ ತೋರಿಸಿಕೊಟ್ಟಿತು. ಅಧಿವೇಶನ ಕರೆಯಲಿಲ್ಲ. 2019ರ ಮೇ ತಿಂಗಳಲ್ಲಿ ಲೋಕಸಭೆ ವಿಸರ್ಜನೆಯಾದಾಗ ಎರಡೂ ಮಸೂದೆಗಳು ಸಂವಿಧಾನದ 107ನೆಯ ವಿಧಿಯಂತೆ ಬಿದ್ದುಹೋದವು. ಆದರೆ 2020–21ರಲ್ಲಿ ದಿಲ್ಲಿಯ ಗಡಿಯಲ್ಲಿ ಕೂತ ರೈತರು ಬೆಂಬಲ ಬೆಲೆಗೆ ಕಾಯ್ದೆಯ ಖಾತರಿ ಕೇಳಿದಾಗ ಕಾಯ್ದೆಯ ಭಾಷೆಯಲ್ಲಿ ಬರೆದ ಒಂದು ಮಾದರಿ ಆಗಲೇ ಲೋಕಸಭೆಯ ದಾಖಲೆಯಲ್ಲಿತ್ತು.

ಚರ್ಚೆಗೆ ತಕ್ಕ ಜಾಗ ಸಂಸತ್ತೇ ಆಗಬೇಕೆಂದಿಲ್ಲ ಎಂಬುದಕ್ಕೆ ಹೈಕೋರ್ಟ್ ಪೀಠದ ಕಥೆ ಇದೆ. ಕೊಲ್ಹಾಪುರ, ಸಾಂಗಲಿ, ಸಾತಾರ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ವಕೀಲರು ಮುಂಬೈ ಹೈಕೋರ್ಟಿನ ಪೀಠ ಕೊಲ್ಹಾಪುರಕ್ಕೆ ಬರಬೇಕೆಂದು ದಶಕಗಳ ಕಾಲ ಹೋರಾಡಿದರು, ಜನಪ್ರತಿನಿಧಿಗಳು ಸದನಗಳಲ್ಲಿ ದನಿ ಎತ್ತಿದರು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೆಯ ಕಲಮಿನ ಪ್ರಕಾರ ಇದರ ಕೀಲಿ ಕೈ ಮುಖ್ಯ ನ್ಯಾಯಮೂರ್ತಿಯ ಬಳಿ. ರಾಜ್ಯಪಾಲರ ಒಪ್ಪಿಗೆ ಪಡೆದು ಅವರೇ ಜಾಗ ಗೊತ್ತುಮಾಡಬಹುದು. 2025ರ ಆಗಸ್ಟ್ 17ರಂದು ಸಂಚಾರಿ ಪೀಠ ಉದ್ಘಾಟನೆಯಾದದ್ದು ಅದೇ ಕಲಮಿನಡಿ. ಧಾರವಾಡ, ಕಲಬುರಗಿಯವರಿಗೆ ಈ ದಾರಿ ಹೊಸದಲ್ಲ. ಅವರಿಗೆ ಸಂಚಾರಿ ಪೀಠ 2008ರಲ್ಲಿ, ಖಾಯಂ ಪೀಠ 2013ರಲ್ಲಿ ಸಿಕ್ಕಿತು. ಸದನದಲ್ಲಿ ಎತ್ತಿದ ದನಿ ಇಲ್ಲಿ ವ್ಯರ್ಥವಾಗಲಿಲ್ಲ, ಜಾಗ, ಕಟ್ಟಡ, ಹಣ ರಾಜ್ಯ ಸರ್ಕಾರ ಕೊಡಬೇಕಾದ್ದರಿಂದ. ನಿರ್ಧಾರ ಮಾತ್ರ ಸದನದ್ದಾಗಿರಲಿಲ್ಲ.

ಎರಡು ರಾಜ್ಯಗಳ ಗಡಿ ವಿವಾದದ ವಿಷಯದಲ್ಲಿ ಚರ್ಚೆಯ ಬೇಡಿಕೆ ಬೇರೆಯೇ ರೂಪ ತಾಳುತ್ತದೆ. 2022ರ ಡಿಸೆಂಬರಿನಲ್ಲಿ ಬಿಸಿ ಏರಿದಾಗ ಲೋಕಸಭೆಯಲ್ಲಿ ಬಾರಾಮತಿಯ ಸುಪ್ರಿಯಾ ಸುಳೆಯವರು ವಿಷಯ ಎತ್ತಿದರು, ಹಾವೇರಿಯ ಶಿವಕುಮಾರ ಉದಾಸಿಯವರು ಎದ್ದು ಆಕ್ಷೇಪಿಸಿದರು. ಎರಡು ರಾಜ್ಯಗಳ ನಡುವಿನ ವಿಷಯವೆಂದು ಸ್ಪೀಕರ್ ಮಾತನ್ನು ಮುಂದುವರಿಸಲು ಬಿಡಲಿಲ್ಲ. ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕರ್ನಾಟಕದ ವಿಧಾನಮಂಡಲ, 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ತಮ್ಮ ತಮ್ಮ ನಿರ್ಣಯ ಅಂಗೀಕರಿಸಿದವು. ಎಲ್ಲರೂ ಒಂದೇ ಮಾತಿನವರಾಗಿದ್ದ ಆ ಎರಡು ಸಭಾಂಗಣಗಳಲ್ಲಿ ನಡೆದದ್ದನ್ನು ಚರ್ಚೆ ಎನ್ನುವುದು ಕಷ್ಟ. ಸುಪ್ರೀಂ ಕೋರ್ಟಿನಲ್ಲಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಇದ್ದೇ ಇದೆ. ಗಡಿಯ ಎರಡೂ ಬದಿಯ ಭಾಷಿಕ ಅಲ್ಪಸಂಖ್ಯಾತರ ಶಾಲೆ, ಶಿಕ್ಷಕರ ನೇಮಕ, ಅರ್ಜಿಯ ನಮೂನೆ ಇವು ದಾವೆಯ ಫಲಿತಾಂಶಕ್ಕೆ ಕಾಯಬೇಕಾದವಲ್ಲ. ಸಂವಿಧಾನದ 350ಬಿ ವಿಧಿಯ ಭಾಷಿಕ ಅಲ್ಪಸಂಖ್ಯಾತರ ಆಯುಕ್ತರ ವರದಿ ಸಂಸತ್ತಿನ ಮುಂದೆ ಬರುತ್ತದೆ. ಜತ್ತದ ಕನ್ನಡ ಶಾಲೆಗೂ ಖಾನಾಪುರದ ಮರಾಠಿ ಶಾಲೆಗೂ ಸೇರಿ ಒಂದೇ ಚರ್ಚೆ ಕೇಳಲು ಆ ವರದಿಗಿಂತ ಗಟ್ಟಿಯಾದ ಆಧಾರವಿಲ್ಲ.

ಕೇಳುವ ಭಾಷೆಯ ತೊಡಕು ಈಗ ಅಷ್ಟಾಗಿ ಇಲ್ಲ. ಹಿಂದಿ, ಇಂಗ್ಲಿಷ್ ಬಾರದ ಸದಸ್ಯನಿಗೆ ತಾಯಿನುಡಿಯಲ್ಲಿ ಮಾತಾಡಲು ಸಂವಿಧಾನದ 120ನೆಯ ವಿಧಿ ಅವಕಾಶ ಕೊಡುತ್ತದೆ; ರಾಜ್ಯದ ಸದನಗಳಿಗೆ 210ನೆಯ ವಿಧಿ ಅದೇ ಮಾತು ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ದಾರಿ ಮಾಡಿಕೊಟ್ಟರು. ಈಗ ಏಕಕಾಲದ ಅನುವಾದದ ಏರ್ಪಾಡೂ ಇದೆ.

ಕೃಷ್ಣಾ ಕಣಿವೆಯ ಸದಸ್ಯರ ಮುಂದೆ ಸದ್ಯ ಇರುವ ವಿಷಯಗಳು ಗೊತ್ತಿರುವಂಥವೇ. 1956ರ ನದಿ ಮಂಡಳಿಗಳ ಕಾಯ್ದೆ ಜಾರಿಯಲ್ಲಿದೆ, ಅದರಡಿ ಇದುವರೆಗೆ ಒಂದು ಮಂಡಳಿಯೂ ರಚನೆಯಾಗಿಲ್ಲ. ಅಣೆಕಟ್ಟು ಸುರಕ್ಷತಾ ಮಸೂದೆ 2021ರ ಡಿಸೆಂಬರಿನಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದು ಕಾಯ್ದೆಯಾಯಿತು. ಅದರ ಜೊತೆಗೇ ಲೋಕಸಭೆ ದಾಟಿದ್ದ ನದಿ ನೀರು ವಿವಾದಗಳ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಉಳಿದು 2024ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ನದಿ ಮಂಡಳಿಯ ಬಗ್ಗೆ ಒಂದು ಖಾಸಗಿ ನಿರ್ಣಯ, ಪ್ರವಾಹದ ನಿರ್ವಹಣೆಯ ಬಗ್ಗೆ 193ರಡಿ ಒಂದು ಸೂಚನೆ, ಇವೆರಡಕ್ಕೂ ಪಕ್ಷದ ಅಪ್ಪಣೆ ಬೇಕಿಲ್ಲ. ಎರಡನೆಯದಕ್ಕೆ ಬೇಕಾದದ್ದು ಮೂರು ಸಹಿ. ಅವುಗಳಲ್ಲಿ ಒಂದು ಕೊಲ್ಹಾಪುರದ ಕಡೆಯಿಂದಲೂ ಒಂದು ಚಿಕ್ಕೋಡಿಯ ಕಡೆಯಿಂದಲೂ ಇರಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.